ನೀಲವ್ವನ ತುಣುಕನ್ನು ನೋಡಿದಿರಾ?

ಬ್ಯಾಡಗಿ
14 ಫೆಬ್ರುವರಿ 2008

ಮಾನ್ಯ ಡಾ. ಬೆನಕನಹಳ್ಳಿಯವರಿಗೆ,

ಕಳೆದ ರವಿವಾರ ಹಾವೇರಿಯ ಸಭೆಯಲ್ಲಿ ನೀವು ಅಂಡಾಶಯದ ಕ್ಯಾನ್ಸರಿನಿಂದ ಗುಣವಾದ ರಾಣೇಬೆನ್ನೂರಿನ ಅಮೀರಬಿಯವರಿಗೆ ಶಾಲು ಹೊದಿಸಿದಿರಿ. ಅದೇ ಕ್ಯಾನ್ಸರಿಗೆ ನಿಮ್ಮಿಂದಲೇ ಕಿಮೋ ಪಡೆದು ತೀರಿಕೊಂಡ ನನ್ನ ಹೆಂಡತಿ ನೀಲವ್ವನ ಹೆಸರನ್ನು ಎತ್ತಲೇ ಇಲ್ಲ.

2006ರಲ್ಲಿ ನಿಮ್ಮ ಆಸ್ಪತ್ರೆಯಲ್ಲಿ ಅವರಿಬ್ಬರ ಹಾಸಿಗೆ ಅಕ್ಕಪಕ್ಕ, ಇಬ್ಬರ ತಲೆಯೂ ಬೋಳು. "ಅಕ್ಕಾರ, ನನ್ನ ಕೂದಲಾನ ಮೊದಲ ಬರ್ತಾವ ನೋಡ್ರಿ" ಎಂದು ಅಮೀರಬಿ ಪಂಥ ಕಟ್ಟಿದರೆ, "ಬರ್ಲಿ ತಗೋ ತಂಗಿ, ಹೆರಳ ಹಾಕಾಕ ನಾನ ಬರ್ತೇನಿ" ಎಂದು ನೀಲವ್ವ ನಗುತ್ತಿದ್ದಳು. ಸಭೆಯಲ್ಲಿ ಆ ಹೆರಳು ಕಂಡೆ. ಆಕೆ ನೂರು ವರ್ಷ ಬಾಳಲಿ; ಆದರೂ ಹೊಟ್ಟೆ ಉರಿಯಿತು.

ಗಡ್ಡೆಯ ತುಣುಕಿನಲ್ಲಿರುವ ಕೆಲವು ಪ್ರೋಟೀನುಗಳು ಕಿಮೋ ಯಾರಿಗೆ ನಾಟುವುದಿಲ್ಲ ಎಂಬುದನ್ನು ಮೊದಲೇ ಸೂಚಿಸಬಲ್ಲವು, ಅಮೀರಬಿಯವರ ತುಣುಕನ್ನು ಆಗಲೇ ಪರೀಕ್ಷಿಸಿದ್ದೆವು ಎಂದಿರಿ. ಅದಿನ್ನೂ ಸಂಶೋಧನೆಯ ಮಾತು ಎಂದು ನಾನೂ ಓದಿ ಬಲ್ಲೆ. ಆದರೆ ನಮ್ಮ ಪೇಟೆಯಲ್ಲಿ ಮೆಣಸಿನಕಾಯಿ ಮುರಿದು ನೋಡದೆ ಯಾರೂ ದರ ಬರೆಯುವುದಿಲ್ಲ. ಒಬ್ಬರ ಚೀಲ ಬಿಚ್ಚಿಸಿ ಪಕ್ಕದವರದನ್ನು ಬಿಟ್ಟರೆ ಜಗಳವೇ ಆಗುತ್ತದೆ.

ನೀಲವ್ವನ ತುಣುಕನ್ನೂ ನಿಮಗೆ ಒಪ್ಪಿಸಿದ್ದೆವು. ಅದನ್ನು ಪರೀಕ್ಷಿಸಿದಿರಾ? ಪರೀಕ್ಷಿಸಿದ್ದರೆ, ನಾಟದ ಔಷಧಿಯನ್ನು ಕೊನೆಯವರೆಗೂ ಏಕೆ ಕೊಟ್ಟಿರಿ? ಇಲ್ಲವಾದರೆ, ಅವಳದನ್ನೇ ಏಕೆ ಬಿಟ್ಟಿರಿ?

ಮುಂದಿನ ತಿಂಗಳು ಭಾಷಣಕ್ಕೆ ಬ್ಯಾಡಗಿಗೆ ಬರುತ್ತೀರಂತೆ. ನನ್ನ ಮನೆಗೆ ಪತ್ರ ಬರೆಯಬೇಡಿ. ಮೈಕಿನ ಮುಂದೆ ನಿಂತು, ಅವಳ ಹೆಸರು ಹೇಳಿ, ಉತ್ತರಿಸಿ.

ಅಂದು ಮೊದಲ ಸಾಲಿನಲ್ಲಿ ಕೂರಲಿರುವ,
ಚನ್ನವೀರಪ್ಪ ಅಂಗಡಿ