ನನ್ನ ಹೆಸರಿನ ಹೂಚಕ್ರ

ನನ್ನ ಮನೆಬಾಗಿಲಿಗೆ ಹೂವು ಕಳಿಸಿದವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ಗೊತ್ತಾಗದೆ ಆಗಲೇ ಒಂದು ಹಾಳೆ ಹರಿದು ಹಾಕಿದೆ. 'ಪ್ರಿಯ' ಎಂದು ಬರೆಯಲು ಕೈ ಬರಲಿಲ್ಲ. ಬೈದೇ ಶುರುಮಾಡೋಣವೆಂದರೆ ಧೈರ್ಯ ಸಾಲಲಿಲ್ಲ. ಪರಿಚಯವಿಲ್ಲದವರನ್ನು ಏಕವಚನದಲ್ಲಿ ಮಾತಾಡಿಸಬಾರದು ಎಂದು ಅಮ್ಮ ಕಲಿಸಿದ್ದಾಳೆ, ಹಾಗಾಗಿ ನೀವು ಎನ್ನುತ್ತೇನೆ. ನೀವು ಒಬ್ಬರೋ ಹಲವರೋ, ಯಾವ ಊರಿನವರೋ ನನಗೆ ತಿಳಿಯದು. ನಾನು ಯಾರೆಂದು ಮಾತ್ರ ನಿಮಗೆ ಚೆನ್ನಾಗಿ ಗೊತ್ತು. ರಿಬ್ಬನ್ನಿನ ಮೇಲೆ ಅಪ್ಪನ ಮನೆತನ, ಅಮ್ಮನ ಮನೆತನ ಎರಡನ್ನೂ ಸೇರಿಸಿ ನನ್ನ ಹೆಸರು ಬರೆಸಿದ್ದಿರಿ: ನೊಯೆಮಿ ಬರಿಯೆಂತೋಸ್ ಚಾಕೋನ್. ಕೆಳಗೆ, 'ಶಾಂತಿಯಿಂದ ವಿರಮಿಸು'.

ಕಳಿಸಿದ ಹೂವು ಕೆಲಸ ಮಾಡಿತೋ ಇಲ್ಲವೋ ಎಂದು ನಿಮಗೂ ಕುತೂಹಲವಿರಬಹುದು. ಮಾಡಿದೆ. ನನಗೆ ಭಯವಾಗಿದೆ. ನಾಯಿ ಬೊಗಳಿದರೆ ಭಯ, ಬೊಗಳುತ್ತಿದ್ದ ನಾಯಿ ಸುಮ್ಮನಾದರೆ ಇನ್ನೂ ಭಯ. ಮೋಟಾರ್‌ಸೈಕಲ್ ಸದ್ದು ಕೇಳಿದರೆ ಕೈಲಿರುವ ಪಾತ್ರೆ ಹಾಗೇ ಬಿಟ್ಟು ಗೋಡೆಗೆ ಆತುಕೊಳ್ಳುತ್ತೇನೆ. ನಲವತ್ತು ದಾಟಿದ ಹೆಂಗಸು, ಜಗಳದಲ್ಲಿ ಊರಿಗೇ ಹೆಸರಾದವಳು, ಬಚ್ಚಲಿಗೆ ಹೋಗುವಾಗ ಅಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತೇನೆ ಎಂದರೆ ನಂಬುತ್ತೀರಾ?

ಆ ಸೋಮವಾರ ನಾನು ಬಾಳೆತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿದ್ದೆ. ಕಾಯಿಗೆ ಚೀಟಿ ಅಂಟಿಸಿ ಪೆಟ್ಟಿಗೆಗೆ ಜೋಡಿಸುವುದು ನನ್ನ ಕೆಲಸ. ಸಂಜೆ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದರೆ ಮನೆ ಮುಂದೆ ಜನವೋ ಜನ. ಪಕ್ಕದ ಮನೆಯವರು ಕುರ್ಚಿ ತರುತ್ತಿದ್ದಾರೆ, ಯಾರೋ ಟಾರ್ಪಾಲು ಕಟ್ಟುತ್ತಿದ್ದಾರೆ, ಹೆಂಗಸರ ಕೈಯಲ್ಲಿ ಸಕ್ಕರೆ, ಕಾಫಿಪುಡಿ, ಸಿಹಿ ಬ್ರೆಡ್ಡು, ಮೊಂಬತ್ತಿ. ಸಾವಿನ ಮನೆಗೆ ನಮ್ಮಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬಾಗಿಲಿಗೆ ಒರಗಿಸಿದ ಬಿಳಿ ಹೂಚಕ್ರ ನೋಡಿ ಅಮ್ಮ ಹೋದಳು ಎಂದುಕೊಂಡೆ. ಚೀಲ ಎಸೆದು ಓಡಿದೆ. ಜನ ನನ್ನನ್ನು ಕಂಡು ದಾರಿ ಬಿಟ್ಟರು. ಯಾರೋ ಒಬ್ಬಳು ಕಿರುಚಿ ಶಿಲುಬೆಯ ಗುರುತು ಮಾಡಿಕೊಂಡದ್ದು ಏಕೆಂದು ಆಗ ಹೊಳೆಯಲಿಲ್ಲ.

ಅಮ್ಮ ಒಳಗೆ ನೆಲದ ಮೇಲೆ ಕೂತಿದ್ದಳು. ಪ್ರಜ್ಞೆ ತಪ್ಪಿ ಬಿದ್ದವಳ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ದರಂತೆ. ನನ್ನನ್ನು ನೋಡಿದಳು, ಎದ್ದಳು, ಬಂದು ಕೆನ್ನೆಗೆ ರಪ್ಪನೆ ಬಾರಿಸಿದಳು.

"ಎಲ್ಲಿ ಸತ್ತಿದ್ಯೇ ಇಷ್ಟೊತ್ತು? ಊರೆಲ್ಲಾ ಬಂದು ನಿನ್ನ ಹೆಣ ಎಲ್ಲಿ ಅಂತ ಕೇಳ್ತಿದ್ರೆ ನಾನೇನು ಹೇಳ್ಲಿ?"

ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ನನ್ನ ಎದೆಗೆ ಕೇಳುತ್ತಿತ್ತು. ಇದಕ್ಕೆ ನಿಮ್ಮನ್ನು ಕ್ಷಮಿಸುವುದು ನನ್ನಿಂದಾಗದು. ನನ್ನನ್ನು ಹೆದರಿಸಿದಿರಿ, ಇರಲಿ. ಅಮ್ಮ ಒಂದು ಇಡೀ ಮಧ್ಯಾಹ್ನ ಮಗಳನ್ನು ಕಳಕೊಂಡವಳಾಗಿ ಕೂತಿದ್ದಳಲ್ಲ, ಅದನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ?

ಹೊರಗೆ ಮೊದಲು ನಗು ಎದ್ದಿತು. ನಮ್ಮ ಓಣಿಯಲ್ಲಿ ಸತ್ತವರಿಗೆಲ್ಲ ಪ್ರಾರ್ಥನೆ ಹೇಳಿಸುವ ತ್ರಾನ್ಸಿತೋ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತು, "ಅಯ್ಯೋ ಇವಳ! ಗುಂಡುಕಲ್ಲಿನ ಹಾಗೆ ಇದ್ದಾಳಲ್ರೇ! ಈ ಬಿಸಿಲಲ್ಲಿ ಸಕ್ಕರೆ ಹೊತ್ಕೊಂಡು ಬಂದೆ ನಾನು!" ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರ ಕಣ್ಣು ರಿಬ್ಬನ್ನಿನ ಕಡೆ ಹೋಯಿತು. ಬದುಕಿರುವವಳಿಗೆ ಹೂವು ಕಳಿಸಿದವರು ಯಾರು, ಯಾಕೆ ಎಂಬುದು ತಲೆಗೆ ಹೋದಂತೆ ನಗು ಆರಿತು. ಒಬ್ಬ ತನ್ನ ಕುರ್ಚಿ ಮಡಚಿದ. ಇನ್ನೊಬ್ಬಳು ಹಾಲು ಒಲೆ ಮೇಲಿಟ್ಟು ಬಂದೆ ಎಂದಳು. ಎದ್ದು ಹೋಗುತ್ತಾರೆ ಎಂದು ನನಗೆ ಗೊತ್ತಾಯಿತು. ಅವರನ್ನು ನಾನು ದೂರುವುದಿಲ್ಲ. ನಿಮ್ಮ ಹೂವಿನ ಅಕ್ಕಪಕ್ಕ ಕೂರಲು ಯಾರಿಗಾದರೂ ಭಯವೇ.

ಅಜ್ಜಿ ಅಲ್ಲಾಡಲಿಲ್ಲ. "ಕೂತ್ಕೊಳ್ರೋ ಎಲ್ರೂ. ಮೊಂಬತ್ತಿ ಹಚ್ಚಾಗಿದೆ. ಹಚ್ಚಿದ ಮೇಲೆ ಒಂಬತ್ತು ದಿನದ ಪ್ರಾರ್ಥನೆ ಮುಗಿಸದೆ ಎದ್ದು ಹೋಗೋ ಪದ್ಧತಿ ನಮ್ಮಲ್ಲಿ ಯಾವತ್ತಾದ್ರೂ ಉಂಟಾ?"

"ಸತ್ತಿರೋದು ಯಾರು ಅಜ್ಜಿ?" ಎಂದು ಕುರ್ಚಿ ಮಡಚಿದವನು ಕೇಳಿದ.

"ಅದು ದೇವರ ಲೆಕ್ಕ. ನಿನಗ್ಯಾಕೆ? ಪ್ರಾರ್ಥನೇಲಿ ಸತ್ತವರ ಹೆಸರು ಹೇಳೋ ಜಾಗ ಬಂದಾಗ ನಾನು ಸುಮ್ನಿರ್ತೀನಿ, ಆಯ್ತಲ್ಲ. ಏ ನೊಯೆಮಿ, ಏನು ನೋಡ್ತಾ ನಿಂತಿದ್ಯೇ? ಕಾಫಿ ತಗೊಂಡ್ ಬಾ. ನಿನ್ನ ಸಾವಿಗೆ ಬಂದೋರಿಗೆ ನೀನಲ್ದೆ ಇನ್ಯಾರು ಕಾಫಿ ಕೊಡ್ತಾರೆ?"

ಕೊಟ್ಟೆ. ನನ್ನ ಸಾವಿಗೆ ಬಂದ ಒಬ್ಬೊಬ್ಬರಿಗೂ ನಾನೇ ಲೋಟ ಹಿಡಿದುಕೊಟ್ಟೆ. ನಿಮಗೆ ಹೇಳಲೇಬೇಕಾದ ಮಾತು ಇದು: ಪ್ರತಿ ಲೋಟ ಕೊಡುವಾಗಲೂ ತೆಗೆದುಕೊಳ್ಳುವ ಕೈಯನ್ನೇ ನೋಡಿದೆ. ಇವನಿರಬಹುದೇ? ಅಪ್ಪನನ್ನು ಹೂಳಲು ಹೆಗಲು ಕೊಟ್ಟವನು, ಇವನೇ ನಾನು ಎಷ್ಟು ಹೊತ್ತಿಗೆ ಬಸ್ಸಿಳಿಯುತ್ತೇನೆ ಎಂದು ನಿಮಗೆ ಹೇಳಿದವನಿರಬಹುದೇ? ನೀವೂ ಅಲ್ಲಿದ್ದಿರಾ? ಇದ್ದಿದ್ದರೆ ನನ್ನ ಮನೆಯ ಕಾಫಿ ಕುಡಿದಿದ್ದೀರಿ. ಸಕ್ಕರೆ ಜಾಸ್ತಿಯಾಗಿತ್ತು, ಎಷ್ಟು ಚಮಚ ಹಾಕಿದೆನೆಂಬ ಲೆಕ್ಕ ತಪ್ಪಿತ್ತು.

ಇಷ್ಟಕ್ಕೂ ನಾನು ಮಾಡಿದ್ದೇನು ಎಂದು ಅಮ್ಮ ಈಗಲೂ ಕೇಳುತ್ತಾಳೆ. ರಾಜಧಾನಿಯಲ್ಲಿ ಒಂದು ಸಮಿತಿಯಿದೆ, ಸರ್ಕಾರ, ಮಾಲೀಕರು, ಕೆಲಸಗಾರರು ಮೂವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ ಎಂದು ಅವಳಿಗೆ ಹೇಳಿದ್ದೇನೆ. ಜಗತ್ತಿನ ದುಡಿಯುವವರಿಗಾಗಿ ಜಿನೀವಾದಲ್ಲಿ ಆಗುವ ಒಡಂಬಡಿಕೆಗಳಿಗೆ ನಮ್ಮ ದೇಶ ಸೇರಬೇಕೋ ಬೇಡವೋ ಎಂದು ಸರ್ಕಾರ ಉಳಿದಿಬ್ಬರನ್ನು ಕೇಳಬೇಕು, ಕೇಳಿದ ಮೇಲೆ ವರದಿ ಕಳಿಸಬೇಕು. ನಮ್ಮ ಕಡೆಯಿಂದ ಮೊದಲು ಹೋಗುತ್ತಿದ್ದವನು ನಮ್ಮ ಕೆಲಸಗಾರರ ಸಂಘದ ಎಲಿಸೆಯೋ. ಹೋದ ವರ್ಷ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿಹೋದ. ಯಾಕೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಅವನ ಕುರ್ಚಿಗೆ ಯಾರೂ ಮುಂದೆ ಬರಲಿಲ್ಲ. ಜಗಳಗಂಟಿ ನೊಯೆಮಿ ಇದ್ದಾಳಲ್ಲ ಎಂದರು. ಹೊಗಳಿದ್ದಾರೆಂದು ತಿಳಿದು ಒಪ್ಪಿಕೊಂಡೆ.

ಈ ಸಲ ಮೇಜಿಗೆ ಬಂದದ್ದು ಹೊಲ ತೋಟಗಳಲ್ಲಿ ಕೆಲಸ ಮಾಡುವವರ ಸುರಕ್ಷತೆಯ ಒಡಂಬಡಿಕೆ. ಕರಡು ವರದಿಯಲ್ಲಿ ಒಂದು ವಾಕ್ಯವಿತ್ತು: ವಿಮಾನದಿಂದ ಔಷಧ ಸಿಂಪಡಿಸುವ ಮುನ್ನ ಕೆಲಸಗಾರರನ್ನು ತೋಟದಿಂದ ಹೊರಗೆ ಕಳಿಸಲಾಗುತ್ತಿದೆ, ಆದ್ದರಿಂದ ಸದ್ಯಕ್ಕೆ ಈ ಒಡಂಬಡಿಕೆಯ ಅಗತ್ಯವಿಲ್ಲ. ಆ ವಿಮಾನ ನನಗೆ ಗೊತ್ತು. ಅದು ಬರುವುದೇ ನಾವು ಊಟಕ್ಕೆ ಕೂತಾಗ. ಸದ್ದು ಕೇಳಿದ ಕೂಡಲೇ ನಾವು ಮಾಡುವುದು ಒಂದೇ ಕೆಲಸ, ಊಟಕ್ಕೆ ತಂದ ತೋರ್ತಿಯಾ ರೊಟ್ಟಿಯ ಮೇಲೆ ಬಟ್ಟೆ ಮುಚ್ಚುವುದು. ಮಳೆಹನಿಯಂತೆ ಮುಖಕ್ಕೆ ಬೀಳುತ್ತದೆ, ಒರೆಸಿಕೊಂಡು ತಿನ್ನುತ್ತೇವೆ. ರಾತ್ರಿ ಕುತ್ತಿಗೆ ಉರಿಯುತ್ತದೆ. ಮೊದಲ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: ಈ ವಾಕ್ಯದ ಬಗ್ಗೆ ನಮ್ಮವರನ್ನು ಕೇಳಿ ಬಂದು ಮುಂದಿನ ಗುರುವಾರ ಹೇಳುತ್ತೇನೆ. ಆ ಗುರುವಾರಕ್ಕೆ ಮೊದಲು ಸೋಮವಾರ ಬಂತು, ನಿಮ್ಮ ಹೂವು ಬಂತು.

ನೀವು ಬುದ್ಧಿವಂತರು. ಆ ಸಮಿತಿಯಲ್ಲಿ ಒಂದು ರೂಢಿಯಿದೆ. ಕರಡನ್ನು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ ಅಧ್ಯಕ್ಷೆ ಆಕ್ಷೇಪಣೆ ಉಂಟೇ ಎಂದು ಕೇಳುತ್ತಾರೆ. ಯಾರೂ ಕೈ ಎತ್ತದಿದ್ದರೆ ಮೂರೂ ಕಡೆಯವರು ಒಪ್ಪಿದರು ಎಂದು ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ನಾನು ಒಪ್ಪುವುದೂ ಬೇಕಿರಲಿಲ್ಲ, ಸಾಯುವುದೂ ಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಮಂಗಳವಾರ ಹೂವಿನಂಗಡಿಗೆ ಹೋದೆ. ಅಂಗಡಿಯ ಯಜಮಾನರು ದೋನ್ ಫಿದೆಲಿನೋ ನನ್ನನ್ನು ನೋಡಿ ನೀರಿನ ಡಬ್ಬವನ್ನು ಕೈಬಿಟ್ಟರು. "ನೀನು ಹೋದೆ ಅಂದ್ಕೊಂಡೆ ಕಣಮ್ಮ. ಚಿಕ್ಕವಳಿಂದ ನೋಡಿದ್ದೀನಲ್ಲ, ನನ್ನ ಕಡೆಯಿಂದ ಅಂತ ಒಂದು ಹಿಡಿ ಲಿಲ್ಲಿ ಜಾಸ್ತಿ ಸೇರಿಸಿದೆ" ಎಂದು ಅತ್ತರು. ಯಾರು ಕೊಂಡದ್ದೆಂದು ಕೇಳಿದೆ. "ಹೆಲ್ಮೆಟ್ ತೆಗೀಲಿಲ್ಲ. ಮೆತ್ತಗಿನ ಸ್ವರ. ಚೆನ್ನಾಗಿ ಕಟ್ಟಿದ್ದೀರಿ ಅಂದ." ನೀವು ಹೂವನ್ನು ಮೆಚ್ಚಿಕೊಂಡಿರಿ ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದೆ. ಸಿಟ್ಟಿನವರಿಗೆ ಹೇಗೋ ಎದುರು ನಿಲ್ಲಬಹುದು. ಮೆತ್ತಗಿನ ಸ್ವರದವರ ಮುಂದೆ ಏನು ಮಾಡುವುದು?

ಗುರುವಾರ ಹೋಗಬೇಡ ಎಂದು ಅಮ್ಮ ಕಾಲು ಹಿಡಿದಳು. ಹೋಗುವುದಿಲ್ಲ ಎಂದೇ ಬುಧವಾರ ಅವಳಿಗೆ ಮಾತು ಕೊಟ್ಟೆ. ಆ ಸಂಜೆಯೂ ಪ್ರಾರ್ಥನೆಗೆ ಜನ ಬಂದರು. ಹೆಸರಿನ ಜಾಗ ಬಂದಾಗ ಅಜ್ಜಿ ನಿಲ್ಲಿಸಿದಳು, ಎಲ್ಲರೂ ತಲೆ ಬಗ್ಗಿಸಿದಲ್ಲಿಂದಲೇ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ನನ್ನ ಜೊತೆ ಚೀಟಿ ಅಂಟಿಸುವ ಮಾರ್ಲೆನಿಯೂ ನೋಡಿದಳು. ಅವಳು ಏಳು ತಿಂಗಳ ಬಸುರಿ. ವಿಮಾನ ಬಂದಾಗ ಅವಳು ಬಟ್ಟೆಯನ್ನು ತೋರ್ತಿಯಾಗೆ ಮುಚ್ಚುವುದಿಲ್ಲ, ಹೊಟ್ಟೆಗೆ ಮುಚ್ಚಿಕೊಳ್ಳುತ್ತಾಳೆ.

ಬೆಳಿಗ್ಗೆ ಎದ್ದು ಅಮ್ಮನಿಗೆ ಕೊಟ್ಟ ಮಾತು ಮುರಿದೆ. ಬಸ್ ನಿಲ್ದಾಣದಲ್ಲಿ ತ್ರಾನ್ಸಿತೋ ಅಜ್ಜಿ ಕೈಗೆ ಜಪಮಾಲೆ ಸುತ್ತಿಕೊಂಡು ಕಾಯುತ್ತಿದ್ದಳು. "ನೀನು ದಾರೀಲಿ ಸತ್ತರೆ ನನ್ನ ಒಂಬತ್ತು ದಿನದ ಲೆಕ್ಕ ಎಲ್ಲಾ ಮೊದಲಿಂದ ಶುರು ಮಾಡ್ಬೇಕಲ್ಲೇ. ಅದಕ್ಕೆ ಬಂದೆ" ಎಂದಳು. ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಅವಳೇ ಕೂತಳು, ನನ್ನನ್ನು ಬಿಡಲಿಲ್ಲ. ಹಿಂದೆ ಬಂದ ಒಂದೊಂದು ಮೋಟಾರ್‌ಸೈಕಲ್ಲಿಗೂ ನಾನು ತಲೆ ಬಗ್ಗಿಸಿದೆ.

ಸಭೆಯ ಕೋಣೆಯಲ್ಲಿ ಎಲ್ಲರೂ ಎಂದಿನಂತೆ ಇದ್ದರು. ಅಜ್ಜಿಯನ್ನು ಒಳಗೆ ಬಿಡಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಳು. ಮಾಲೀಕರ ಕಡೆಯ ವಕೀಲರು ನನ್ನ ಕಪ್ಪಿಗೆ ತಾವೇ ಸಕ್ಕರೆ ಹಾಕಿ, "ಹೂವಿನ ವಿಷಯ ಕೇಳಿ ತುಂಬಾ ಬೇಜಾರಾಯ್ತು ನೊಯೆಮಿಯವರೇ. ಹುಷಾರಾಗಿರಿ" ಎಂದರು. ರಾಜಧಾನಿಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಸಂಘದವರು ಹೇಳಿರಬಹುದು. ಆ ಮನುಷ್ಯನಿಗೆ ನಿಜವಾಗಿಯೂ ಬೇಜಾರಾಗಿರಬಹುದು, ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ, ನನ್ನೊಡನೆ ಎಂದೂ ಒರಟಾಗಿ ಮಾತಾಡಿದವರಲ್ಲ. ಆದರೂ ಆ ಕಪ್ಪನ್ನು ಕುಡಿಯದೆ ಪಕ್ಕಕ್ಕೆ ಸರಿಸಿದೆ. ಒಳ್ಳೆಯ ಮಾತನ್ನು ಒಳ್ಳೆಯ ಮಾತೆಂದು ಕೇಳಿಸಿಕೊಳ್ಳುವುದು ಇನ್ನು ನನ್ನಿಂದ ಆಗುವುದಿಲ್ಲ, ನೀವು ಅದನ್ನು ಕಿತ್ತುಕೊಂಡಿರಿ.

ಕರಡು ಓದಿದರು. ಅದೇ ವಾಕ್ಯ ಬಂತು, ಹೋಯಿತು. "ಆಕ್ಷೇಪಣೆ ಉಂಟೇ?" ಎಂದು ಅಧ್ಯಕ್ಷೆ ಕೇಳಿದರು. ನನ್ನ ಕೈಗಳನ್ನು ಮೇಜಿನ ಕೆಳಗೆ ಮಂಡಿಗಳ ನಡುವೆ ಒತ್ತಿಟ್ಟುಕೊಂಡಿದ್ದೆ. ಎತ್ತಲು ನೋಡಿದೆ, ಬರಲಿಲ್ಲ. ಟೈಪು ಮಾಡುವ ಹುಡುಗಿಯ ಬೆರಳು ಕಾಯುತ್ತಿತ್ತು. ಬಾಗಿಲಾಚೆ ಅಜ್ಜಿಯ ಗೊಣಗು ಸಣ್ಣಗೆ ಕೇಳುತ್ತಿತ್ತು. ಹೆಸರಿನ ಜಾಗಕ್ಕೆ ಬಂದಳೋ ಏನೋ, ಗೊಣಗು ನಿಂತಿತು. ನಾನು ಇನ್ನೊಂದು ಗಳಿಗೆ ಹೀಗೇ ಕೂತರೆ ಅಜ್ಜಿ ಖಾಲಿ ಬಿಟ್ಟ ಆ ಜಾಗಕ್ಕೆ ನನ್ನ ಹೆಸರೇ ಸರಿ ಎನ್ನಿಸಿತು. ಕೈ ಎತ್ತಿದೆ. ಧೈರ್ಯ ಬಂದು ಎತ್ತಿದ್ದಲ್ಲ, ಒಂದು ಭಯಕ್ಕಿಂತ ಇನ್ನೊಂದು ದೊಡ್ಡದಾಯಿತು, ಅಷ್ಟೆ.

"ಒಪ್ಪಿಗೆ ಇಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. "ಸ್ವಲ್ಪ ಗಟ್ಟಿಯಾಗಿ ಹೇಳಿ, ಬರ್ಕೋಬೇಕು" ಎಂದರು ಅಧ್ಯಕ್ಷೆ. ನೋಡಿ ನನ್ನ ಗ್ರಹಚಾರ, ಅದನ್ನು ಎರಡು ಸಲ ಹೇಳಬೇಕಾಯಿತು! "ಒಪ್ಪಿಗೆ ಇಲ್ಲ. ವಿಮಾನ ಬಂದಾಗ ನಮ್ಮನ್ನ ಯಾರೂ ಹೊರಗೆ ಕಳಿಸಲ್ಲ. ನಾವು ಊಟ ಮುಚ್ಕೋತೀವಿ." ಮುಂದೆ ಹೇಳಬೇಕೆಂದು ಬಸ್ಸಿನಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. ಹುಡುಗಿ ಟೈಪು ಮಾಡಿದಳು: ಕೆಲಸಗಾರರ ಕಡೆಯವರು ಒಪ್ಪಿಲ್ಲ, ಕಾರಣ ಹೀಗಿದೆ. ವರದಿ ಆ ಮಾತಿನೊಂದಿಗೇ ಜಿನೀವಾಕ್ಕೆ ಹೋಗುತ್ತದಂತೆ. ಅಲ್ಲಿ ಯಾರಾದರೂ ಓದುತ್ತಾರೋ ಇಲ್ಲವೋ ತಿಳಿಯದು. ವಿಮಾನ ನಿನ್ನೆಯೂ ನಮ್ಮ ಊಟದ ಹೊತ್ತಿಗೇ ಬಂತು.

ಇಂದು ಒಂಬತ್ತನೆಯ ದಿನ. ಅಮ್ಮ ಬೆಳಗಿನಿಂದ ಮೆಕ್ಕೆಜೋಳದ ಹಿಟ್ಟಿನ ತಮಾಲೆ ಕಡುಬು ಕಟ್ಟುತ್ತಿದ್ದಾಳೆ. ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಮೊಂಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾರೆ, ಎಲೆಯಲ್ಲಿ ಸುತ್ತಿದ ತಮಾಲೆ ಕೈಗಿಟ್ಟು ಎಲ್ಲರನ್ನೂ ಕಳಿಸಿಕೊಡಬೇಕು. ಇಷ್ಟು ದಿನ ನೆರೆಯವರು ಕುರ್ಚಿಗಳನ್ನು ವಾಪಸು ಒಯ್ದಿರಲಿಲ್ಲ. ನಾಳೆ ಒಯ್ಯುತ್ತಾರೆ. ನಾಳೆಯಿಂದ ಮನೆಯಲ್ಲಿ ನಾನು ಮತ್ತು ಅಮ್ಮ. ಈ ಪತ್ರ ಬರೆಯುವಾಗಲೂ ಎರಡು ಸಲ ಎದ್ದು ಚಿಲಕ ನೋಡಿ ಬಂದೆ.

ಇದನ್ನು ದೋನ್ ಫಿದೆಲಿನೋ ಅವರ ಅಂಗಡಿಯಲ್ಲಿ ಕೊಟ್ಟಿರುತ್ತೇನೆ. ಹೆಲ್ಮೆಟ್ ತೆಗೆಯದೆ, ಮೆತ್ತಗಿನ ಸ್ವರದಲ್ಲಿ ಸತ್ತವರ ಹೂವು ಕೇಳಿದವರಿಗೆ ಕೊಡಿ ಎಂದು ಹೇಳುತ್ತೇನೆ. ಅಂದರೆ ನೀವು ಇದನ್ನು ಓದುತ್ತಿದ್ದರೆ, ಇನ್ನೊಂದು ಹೂಚಕ್ರ ಕೊಳ್ಳಲು ಬಂದಿದ್ದೀರಿ. ಅದು ನನಗೋ, ಬೇರೆ ಯಾವ ಮನೆಗೋ? ಯಾರ ಮನೆಗಾದರೂ ಸರಿ, ಆ ಬಾಗಿಲಿನೊಳಗೂ ಒಬ್ಬ ಅಮ್ಮ ಇರುತ್ತಾಳೆ. ದಮ್ಮಯ್ಯ, ಕೊಳ್ಳದೆ ಹಿಂದಿರುಗಿ ಹೋಗಿ.

ನಿಮಗೆ ಕೆಟ್ಟದಾಗಲಿ ಎಂದು ಬರೆಯಲು ಕೂತವಳು ನಾನು. ಅಜ್ಜಿಯ ಪ್ರಾರ್ಥನೆ ಕೇಳಿ ಕೇಳಿ ಅದೂ ಕೈಲಾಗದೆ ಹೋಯಿತು. ನಿಮಗೆ ಆಯುಸ್ಸು ಗಟ್ಟಿಯಿರಲಿ. ನಿಮ್ಮ ದಿನ ಬಂದಾಗ ನಿಮ್ಮ ಹಾಸಿಗೆಯಲ್ಲಿ, ನಿಮ್ಮವರ ನಡುವೆ ಬರಲಿ, ನೆರೆಯವರು ಸಕ್ಕರೆ ಕಾಫಿಪುಡಿ ಹಿಡಿದು ನಿಮ್ಮ ಅಂಗಳ ತುಂಬಲಿ. ಈ ಪತ್ರ ಮಾತ್ರ ಎಂದೆಂದಿಗೂ ನಿಮ್ಮ ಕೈ ಸೇರದಿರಲಿ.

ಇಂದಿನ ಮಟ್ಟಿಗೆ ಬದುಕಿರುವ,
ನೊಯೆಮಿ