ಹತ್ತನೆಯ ಮಾತ್ರೆ

ಜೂನ್ 4

ಬೆಳಗ್ಗೆ ಆರಕ್ಕೆ ಅಣ್ಣನ ಮನೆ. ನಾನು ತಬಲದ ಹೊದಿಕೆ ಬಿಚ್ಚುವಷ್ಟರಲ್ಲಿ ಅವನು ಶ್ರುತಿಗೆ ತಂಬೂರಿ ಬಾಕ್ಸ್ ಹಾಕಿ ಕೂತಿದ್ದ. ಹತ್ತು ಮಾತ್ರೆಯ ತಾಳ, ನಿಧಾನದ ಹಾಡು. ಸುತ್ತು ಮುಗಿಸಿ ಸಮಕ್ಕೆ, ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ, ಇಬ್ಬರೂ ಒಟ್ಟಿಗೆ ಇಳಿಯಬೇಕು. ಹಾಡುತ್ತಿದ್ದ ಅವನು ಒಂಬತ್ತಕ್ಕೇ ಇಳಿದ.

"ಒಂದು ಹೋಯ್ತಣ್ಣ."

"ಎಲ್ಲಿಗೆ?"

"ನುಂಗಿಬಿಟ್ಟೆ."

"ಕಾಫಿನೇ ಕುಡಿದಿಲ್ಲ, ನುಂಗೋದೆಲ್ಲಿ ಬಂತು."

ನಕ್ಕೆವು. ಆಮೇಲೆ ಶಾಲೆ. ಏಳನೇ ಕ್ಲಾಸಿಗೆ ಲ.ಸಾ.ಅ. ಮೇಜು ತಟ್ಟಿ ತೋರಿಸಿದೆ — ಮೂರರ ತುಂಡು, ಹತ್ತರ ಸುತ್ತು, ಮೂವತ್ತಕ್ಕೆ ಮುತ್ತು. ಪ್ರಾಸಕ್ಕೆ ನಕ್ಕರು. ಲೆಕ್ಕಕ್ಕೆ ಯಾರೂ ನಗಲಿಲ್ಲ.

ಜೂನ್ 9

ಇವತ್ತೂ ಒಂಬತ್ತು. ಅದೇ ಸಾಲು, ಅದೇ ಜಾಗ. ಮೊಬೈಲಿನಲ್ಲಿ ತಾಳ ಎಣಿಸುವ ಮೆಟ್ರೋನೋಮ್ ಹಾಕಿ ಅವನ ಮುಂದಿಟ್ಟೆ.

"ಆಫ್ ಮಾಡೋ ಅದನ್ನ. ಹಲ್ಲಿ ಲೊಚಗುಟ್ಟಿದ ಹಾಗಿದೆ."

"ಹಲ್ಲಿಗೂ ಲೆಕ್ಕ ಬರುತ್ತೆ, ನಿನಗೆ ಬರಲ್ಲ."

ಅವನು ನಗಲಿಲ್ಲ. ಅತ್ತಿಗೆ ಅಡುಗೆಮನೆಯಿಂದ ಇಣುಕಿದರು. ಏನೋ ಹೇಳಲು ಬಂದವರು ಹಾಗೇ ಒಳಗೆ ಹೋದರು. ಶನಿವಾರ ಕಾರ್ಯಕ್ರಮ.

ಜೂನ್ 15

ಬರೆಯಲೇಬೇಕು.

ನಿನ್ನೆ ಹಾಲ್ ತುಂಬಿತ್ತು. ಮೊದಲರ್ಧ ಚೆನ್ನಾಗಿತ್ತು. ಆಮೇಲೆ ಆ ಹಾಡು. ಒಂಬತ್ತಕ್ಕೇ ಇಳಿದ. ಇಂಥ ಕಡೆ ತಬಲದವನಿಗೆ ಇರುವ ಕೆಲಸ ಒಂದೇ. ಸದ್ದಿಲ್ಲದೆ ತಾನೂ ಒಂದು ಮಾತ್ರೆ ಹಾರಿ ಹಾಡುವವನನ್ನು ಸೇರಿಕೊಳ್ಳುವುದು. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಕೈ ಹಾರಲು ಹೊರಟಿತ್ತು ಕೂಡ. ತಡೆದೆ. ನಾನು ಹೇಳಿದ್ದೇ ಸರಿ ಅಂತ ಒಮ್ಮೆ ಗೊತ್ತಾಗಲಿ ಅನ್ನಿಸಿತು. ಹತ್ತನ್ನೂ ಪೂರ್ತಿ ನುಡಿಸಿ, ಸಮಕ್ಕೆ ಜೋರಾಗಿ ಹೊಡೆದು, ಎಡಗೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸಿದೆ. ಹಿಂದಿನ ಬೆಂಚಿನವರಿಗೆ ತೋರಿಸುವ ಹಾಗೆ.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ನನ್ನ ಬೆರಳುಗಳನ್ನೇ ನೋಡಿದ. ಹಾಡು ನಿಂತಿತು. ತಂಬೂರಿ ಬಾಕ್ಸ್ ಮಾತ್ರ ನುಡಿಯುತ್ತಲೇ ಇತ್ತು, ಅದಕ್ಕೇನು.

ಲೆಕ್ಕ ತಪ್ಪಿದ್ದು ಅವನು. ತಾಳ ತಪ್ಪಿದ್ದು ನಾನು.

ಜೂನ್ 17

ಆರಕ್ಕೆ ಹೋದೆ. ಅತ್ತಿಗೆ ಬಾಗಿಲಲ್ಲೇ, "ಮಲಗಿದ್ದಾರೆ" ಅಂದರು. ಒಳಗಿಂದ ಕೆಮ್ಮು. ಎಚ್ಚರವಿದ್ದವನ ಕೆಮ್ಮು.

ಜುಲೈ 23

ಅತ್ತಿಗೆ ಸ್ಟಾಫ್ ರೂಮಿಗೇ ಬಂದರು. ಅಣ್ಣನಿಗೆ ಸ್ಕ್ಯಾನ್ ಮಾಡಿಸಿದರಂತೆ. ಮೇ ತಿಂಗಳಲ್ಲೇ ಸಣ್ಣದೊಂದು ಸ್ಟ್ರೋಕ್ ಆಗಿಹೋಗಿದೆ ಅಂದರಂತೆ ಡಾಕ್ಟರ್.

"ಕೈಯಿಂದ ಲೋಟ ಜಾರೋದು. ಮಾತು ತಡೆಯೋದು. ಇವರೇ, ತಮ್ಮನಿಗೆ ಹೇಳಬೇಡ, ನುಡಿಸುವಾಗ ಹೆದರ್ತಾನೆ ಅಂದ್ರು."

"ಅತ್ತಿಗೆ, ನಾನು ಅವತ್ತು..."

"ನೀನೇನಪ್ಪಾ. ಸರಿಯಾಗೇ ನುಡಿಸಿದೆ."

ಬೈದಿದ್ದರೆ ಚೆನ್ನಾಗಿತ್ತು. ಎದ್ದವರು ಬ್ಯಾಗ್ ಹೆಗಲಿಗೇರಿಸುತ್ತಾ ಇಷ್ಟು ಹೇಳಿದರು: "ಮೊದಮೊದಲು ನೀನು ವೇದಿಕೆ ಮೇಲೆ ಗಾಬರಿಗೆ ಲಯ ಓಡಿಸ್ತಿದ್ದೆ. ಇವರು ಸ್ವರ ಮೊಟಕು ಮಾಡಿ ನಿನ್ನ ಜೊತೆಗೇ ಬಂದು ಇಳಿಯೋರು. ಮನೆಗೆ ಬಂದು, ಹುಡುಗ ಚೆನ್ನಾಗಿ ನುಡಿಸಿದ ಅನ್ನೋರು."

ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗದ ಹಾಗೆ ಮಾಡುವುದೇ ಅಲ್ಲವೇ ಅದು.

ಆಗಸ್ಟ್ 20

ಅಣ್ಣನೇ ಬಾಗಿಲು ತೆಗೆದ. ಸೊರಗಿದ್ದಾನೆ.

"ತಪ್ಪಾಯ್ತಣ್ಣ."

"ಯಾರದ್ದು? ಹತ್ತು ಹತ್ತೇ ಕಣೋ. ಮೇಷ್ಟ್ರು ಹೇಳಿದ ಮೇಲೆ ಮುಗೀತು."

ಕಾಫಿ ಕೊಟ್ಟ. ಹಾಡಲು ಕೂರಲಿಲ್ಲ. ತಂಬೂರಿ ಬಾಕ್ಸ್ ಬೀರುವಿನ ಮೇಲೆ, ಹಳೆ ಪೇಪರಿನ ಕೆಳಗೆ.

ಸೆಪ್ಟೆಂಬರ್ 8

ಮನೆಯಲ್ಲಿ ಒಬ್ಬನೇ ಅಭ್ಯಾಸ. ಒಂಬತ್ತನ್ನು ಹತ್ತರ ಹಾಗೆ ಕೇಳಿಸುವುದು. ಒಂದು ಮಾತ್ರೆ ಎಲ್ಲಿ ಕದ್ದರೆ ಗಾಯ ಕಾಣಿಸುವುದಿಲ್ಲ ಅಂತ ಹುಡುಕುವುದು. ಎಂಟರ ಪಕ್ಕದಲ್ಲಿ ಸಂದಿ ಇದೆ. ಇದಕ್ಕೆ ಯಾವ ಸೂತ್ರವೂ ಇಲ್ಲ.

"ಏನ್ರೀ, ಕುಂಟ್ತಿದೆ?" — ಹೆಂಡತಿ.

"ಕಲೀತಿದ್ದೀನಿ."

"ಈ ವಯಸ್ಸಲ್ಲಿ ಕುಂಟೋದನ್ನ ಕಲೀಬೇಕಾ, ತಾನಾಗೇ ಬರುತ್ತೆ."

ಅಕ್ಟೋಬರ್ 12

ಅತ್ತಿಗೆ ಫೋನ್ ಮಾಡಿದರು. ಬಾಕ್ಸ್ ಕೆಳಗಿಳಿಸಿದ್ದಾರೆ, ಬಾ.

ಅದೇ ಹಾಡು. ಆ ಸಾಲು ಬಂತು. ಕಲಿತದ್ದೇ ನುಡಿಸಿದೆ, ಒಂಬತ್ತಕ್ಕೆ ಇಳಿದೆ. ಇಳಿದರೆ ಅವನಿಲ್ಲ. ಇವತ್ತು ಹತ್ತನ್ನೂ ಪೂರ್ತಿ ಹಾಡುತ್ತಿದ್ದ.

ನನ್ನನ್ನು ನೋಡಿದ. ಮುಂದಿನ ಸುತ್ತಿನಲ್ಲಿ ಸ್ವರ ಮೊಟಕು ಮಾಡಿ, ನೆಟ್ಟಗೆ ನನ್ನ ಪೆಟ್ಟಿನ ಮೇಲೇ ಬಂದು ಇಳಿದ. ಒಳಗೆ ಅತ್ತಿಗೆ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

ಎರಡೇ ಸುತ್ತು. ಉಸಿರು ಸಾಲಲಿಲ್ಲ.

"ಒಂದು ನುಂಗಿದೆಯಲ್ಲೋ."

"ಕಾಫಿ ಕುಡಿದಿರಲಿಲ್ಲ."

"ವೇದಿಕೆ ಇನ್ನು ಬೇಡ" ಅಂದ, ಬಾಕ್ಸ್ ಆರಿಸುತ್ತಾ. ನಾನು ಚಪ್ಪಲಿ ಮೆಟ್ಟುವಾಗ ಒಳಗೆ ಹೇಳುತ್ತಿದ್ದ: "ಹುಡುಗ ಚೆನ್ನಾಗಿ ನುಡಿಸಿದ ಕಣೇ." ನಲವತ್ತಾರರ ಹುಡುಗ.

ವಾಪಸ್ ಹೋಗಿ, ಆ ಒಂದನ್ನು ಬೇಕೆಂದೇ ಬಿಟ್ಟೆ ಅಣ್ಣ, ನಿನಗೋಸ್ಕರ ಅಂತ ಹೇಳಿಬಿಡಲೇ ಅನ್ನಿಸಿತು. ಅದೂ ಬೆರಳೆತ್ತಿ ತೋರಿಸಿದ ಹಾಗೇ. ಹೇಳಲಿಲ್ಲ. ಬಸ್ಸಿನಲ್ಲಿ ತೊಡೆ ತಟ್ಟಿಕೊಂಡು ಆ ಸಾಲನ್ನೇ ಎಣಿಸುತ್ತಾ ಬಂದೆ. ಒಂಬತ್ತರವರೆಗೆ ಬಂದು —