ಕೆಂಪು ಶಾಯಿಯಲ್ಲಿ ಹೊಡೆದ ಸಾಲು

ಮನೆಯಿಂದ,
ಗುರುವಾರ, ಜೂನ್ ೧೨, ಬೆಳಗಿನ ಎಂಟು ಗಂಟೆ

ಪ್ರೀತಿಯ ಪುಟ್ಟಮ್ಮಾ,

ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತಿದೆಯೇ? ನನ್ನ ಮಂಡಿನೋವು ಇದ್ದಂತೆಯೇ ಇದೆ. ಮಂಗಳವಾರದ ಸಭೆಯ ಕುರಿತು ನಿನ್ನ ಅಣ್ಣ ನಿನಗೆ ಬರೆದದ್ದನ್ನು ನಿನ್ನೆ ನನಗೂ ತೋರಿಸಿದ. ‘ಎಐ ಏಜೆಂಟಿಗೆ ತಲೆ ಕೆಟ್ಟಿತ್ತು ಅಂತ ಎಲ್ರೂ ಒಪ್ಕೊಂಡ್ರು, ಅಮ್ಮ ನಿನ್ನ ರಾಜೀನಾಮೆ ಕೊಟ್ಟು ಬಂದ್ಲು’ ಎಂದಿದ್ದಾನೆ. ಎರಡೂ ತಪ್ಪು. ಅವನು ಆಗ ಕೆಳಗೆ ಸ್ಕೂಟರಿಗೆ ಒರಗಿ ನಿಂತಿದ್ದ. ಮೇಲೆ ನಡೆದದ್ದನ್ನು ಊಹಿಸಿ ಬರೆದಿದ್ದಾನೆ.

ಏಜೆಂಟಿಗೆ ತಲೆ ಕೆಟ್ಟಿರಲಿಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಏಕೆಂದರೆ ಸಭೆಯಲ್ಲಿಯೂ ಇದೇ ಕ್ರಮದಲ್ಲಿ ಹೇಳಿದೆ. ಕಣ್ಣಿನ ಆಸ್ಪತ್ರೆಯವರು ರೋಗಿಗಳ ಕಣ್ಣಿನ ಚಿತ್ರಗಳನ್ನು ಕ್ಲೌಡಿನಲ್ಲಿ ಇಟ್ಟಿದ್ದಾರೆ. ಅದನ್ನು ನೋಡಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ಕಂಪ್ಯೂಟರಿನೊಳಗಿನ ಈ ಏಜೆಂಟು. ಅಲ್ಲಿ ಏನೇನಿದೆ ಎಂದು ಅದಕ್ಕೆ ಪಟ್ಟಿ ಕೊಡುವ ಟೂಲಿಗೆ ನೀನು ವಿವರಣೆ ಬರೆದೆ. ಆ ಟೂಲು ಒಮ್ಮೆಗೆ ನೂರು ಫೈಲುಗಳ ಹೆಸರನ್ನಷ್ಟೇ ಕೊಡುತ್ತದೆ. ಇನ್ನೂ ಇದ್ದರೆ ಕೊನೆಯಲ್ಲೊಂದು ಗುರುತು ಬರುತ್ತದೆ, ಅದನ್ನು ಕೊಟ್ಟು ಮುಂದಿನ ಪುಟ ಕೇಳಬೇಕು. ಇದನ್ನು ನೀನು ಕೈಪಿಡಿಯ ಮುನ್ನುಡಿಯಲ್ಲಿ ಒಮ್ಮೆ, ಟೂಲಿನ ವಿವರಣೆಯಲ್ಲಿ ಇನ್ನೊಮ್ಮೆ ಬರೆದಿದ್ದೆ. ಭಾಷೆ ನೋಡಿಕೊಡೆಂದು ನೀನು ತಂದಿಟ್ಟ ಹಾಳೆಗಳಲ್ಲಿ ಎರಡನೆಯದನ್ನು ಪುನರುಕ್ತಿಯೆಂದು ಕೆಂಪು ಶಾಯಿಯಲ್ಲಿ ಹೊಡೆದವಳು ನಾನು. ‘ಅಮ್ಮಾ, ಅದಿರ್ಲಿ. ಏಜೆಂಟ್ ಮುನ್ನುಡಿ ಓದಲ್ಲ, ಅದಕ್ಕೆ ಕೊಡೋದು ಈ ವಿವರಣೆ ಮಾತ್ರ’ ಎಂದೆ ನೀನು. ‘ಓದದವರಿಗಾಗಿ ಎರಡು ಸಲ ಬರೆಯುವುದು ಸೋಮಾರಿಗಳಿಗೆ ಸಲಾಮು ಹೊಡೆದಂತೆ’ ಎಂದೆ ನಾನು. ನೀನು ಆ ಸಾಲನ್ನು ತೆಗೆದುಬಿಟ್ಟೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳೊಡನೆ ವಾದಿಸಿ ಗೆದ್ದವರು ಈ ಮನೆಯಲ್ಲಿ ಯಾರಿದ್ದಾರೆ?

ಏಜೆಂಟು ಮೊದಲ ನೂರು ಹೆಸರುಗಳನ್ನೇ ಇಡೀ ಪಟ್ಟಿಯೆಂದು ತಿಳಿಯಿತು. ಉಳಿದವರ ಮುಂದೆ ‘ಚಿತ್ರವಿಲ್ಲ’ ಎಂದು ಬರೆದು, ಹದಿನೇಳು ಜನರ ಶಸ್ತ್ರಚಿಕಿತ್ಸೆಯನ್ನು ಮುಂದೂಡಿತು. ಆ ಹದಿನೇಳರಲ್ಲಿ ಒಬ್ಬರು, ವಯಸ್ಸಾದ ದರ್ಜಿ, ಸಭೆಗೆ ತಾವೇ ಬಂದು ಗಾಜಿನ ಮೇಜಿನ ಅಂಚನ್ನು ತಡವಿ ಕುಳಿತರು. ‘ಬೆಳಗಿಂದ ಉಪವಾಸ ಕೂತಿದ್ದೆ ಸ್ವಾಮಿ. ಸೂಜಿಗೆ ದಾರ ಪೋಣಿಸೋಕೂ ಮೊಮ್ಮಗಳನ್ನ ಕೂಗ್ತೀನಿ. ನನ್ನ ಚಿತ್ರ ಎಲ್ಲಿಗೆ ಹೋಗಿತ್ತು?’ ಎಂದರು. ಆಫೀಸಿನಲ್ಲಿ ನಿನ್ನ ಪಕ್ಕದ ಮೇಜಿನಲ್ಲಿ ಕೂರುವ ಗೆಳತಿ ತಲೆ ತಗ್ಗಿಸಿ, ‘ಎಲ್ಲಿಗೂ ಹೋಗಿರ್ಲಿಲ್ಲ ತಾತಾ. ನೂರಾ ಏಳನೇದಾಗಿ ಅಲ್ಲೇ ಇತ್ತು’ ಎಂದಳು. ನಿಮ್ಮ ವ್ಯವಸ್ಥಾಪಕರು ಪೆನ್ನನ್ನು ಮೇಜಿಗೆ ಕುಟ್ಟಿದರು. ‘ಆ ಸಾಲು ಬರೀದೆ ಬಿಟ್ಟೋರು ಇವತ್ತು ಬಾಯಿಬಿಡಲ್ಲ, ಊರು ಬಿಟ್ಟಿದ್ದಾರೆ. ಅವರು ಇನ್ನು ಬರೋದೇ ಬೇಡ’ ಎಂದರು.

ಚೀಲ ನನ್ನ ತೊಡೆಯ ಮೇಲಿತ್ತು. ಅದರೊಳಗೆ ಎರಡು ಲಕೋಟೆ: ಒಂದರಲ್ಲಿ ಕೊಟ್ಟು ಬಾ ಎಂದು ನೀನು ಬಿಟ್ಟುಹೋದ ರಾಜೀನಾಮೆ, ಇನ್ನೊಂದರಲ್ಲಿ ನಾನು ತಿದ್ದಿದ ಹಾಳೆಗಳು. ನಾನು ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ಒಂದು ದಿನ ಹಾಜರಿ ಪುಸ್ತಕದ ಪುಟ ತಿರುವಲು ಮರೆತು, ನಲವತ್ತು ಹೆಸರು ಕೂಗಿ ಮುಚ್ಚಿಬಿಟ್ಟಿದ್ದೆ. ಇಪ್ಪತ್ತೆರಡು ಮಕ್ಕಳು ಕೈಕಟ್ಟಿ ಕುಳಿತೇ ಇದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಟೀಚರ್, ನಾವು ಬಂದಿಲ್ವಾ?’ ಎಂದು ಕೇಳಿದಳು. ಅವಳನ್ನು ಗದರಿಸಿ ಕೂರಿಸಿದೆ. ತಪ್ಪು ನನ್ನದೆಂದು ಅಂದು ಹೇಳಲಿಲ್ಲ. ದರ್ಜಿಯ ಪ್ರಶ್ನೆ ಕೇಳಿದಾಗ ಆ ಮಗುವಿನ ಮುಖ ಕಣ್ಣಮುಂದೆ ನಿಂತಿತು.

ನಾನು ಎದ್ದು ನಿಂತೆ. ತಿದ್ದಿದ ಹಾಳೆಗಳನ್ನು ಲಕೋಟೆಯಿಂದ ತೆಗೆದು ಮೇಜಿನ ಮೇಲಿಟ್ಟೆ. ‘ಅವಳು ಬರೆದಿದ್ದಳು. ಹೊಡೆದವಳು ನಾನು’ ಎಂದೆ. ಹಾಳೆಗಳು ಕೈಯಿಂದ ಕೈಗೆ ಹೋದವು. ಆಸ್ಪತ್ರೆಯ ಹಿರಿಯ ದಾದಿ ಕೆಂಪು ಗೀಟನ್ನು ಬೆರಳಲ್ಲಿ ಮುಟ್ಟಿ ನೋಡಿದರು. ವ್ಯವಸ್ಥಾಪಕರು ಹಾಳೆಗಳನ್ನು ನನ್ನತ್ತ ಸರಿಸಿ, ‘ಸೋಮವಾರ ಹತ್ತಕ್ಕೆ ಏಜೆಂಟ್ ಮತ್ತೆ ಶುರುವಾಗುತ್ತೆ. ಅಷ್ಟರೊಳಗೆ ಅವರೇ ಬಂದು ವಿವರಣೆ ಸರಿಮಾಡ್ಬೇಕು. ಬರದೇ ಇದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ’ ಎಂದರು.

ನನ್ನ ಮೇಲಿನ ಗೌರವಕ್ಕೆ ನೀನು ಬಾಯಿ ಬಿಡಲಿಲ್ಲವೆಂದು ಬಲ್ಲೆ. ಅಂಥ ಗೌರವ ನನಗೆ ಬೇಡ ಮಗಳೇ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇದೆ.

ಇತಿ, ನಿನ್ನ ತಪ್ಪನ್ನಷ್ಟೇ ಇಷ್ಟು ದಿನ ಹುಡುಕಿದ
ಅಮ್ಮ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ. ಅಣ್ಣನ ಎರಡನೆಯ ತಪ್ಪು: ನಿನ್ನ ರಾಜೀನಾಮೆಯನ್ನು ನಾನು ಕೊಟ್ಟಿಲ್ಲ, ಅದು ಚೀಲದಲ್ಲೇ ಇದೆ. ಹೊಡೆದ ಸಾಲನ್ನು ನನ್ನ ಕೈಯಾರೆ ಮತ್ತೆ ಬರೆದು ಇದರೊಂದಿಗೆ ಇಟ್ಟಿದ್ದೇನೆ, ತಪ್ಪಿದ್ದರೆ ತಿದ್ದು. ದರ್ಜಿಯ ಶಸ್ತ್ರಚಿಕಿತ್ಸೆ ಬರುವ ಮಂಗಳವಾರ. ಸಭೆಯಲ್ಲಿ ಹಾಜರಿದ್ದವರು: ವ್ಯವಸ್ಥಾಪಕರು, ಹಿರಿಯ ದಾದಿ, ದರ್ಜಿ, ನಿನ್ನ ಗೆಳತಿ, ನಾನು. ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ, ಮುಂದಿನ ಪುಟದಲ್ಲಿ ನಿನ್ನ ಹೆಸರಿದೆ.